‘ಸೆಲೆಕ್ಟ್ ಪ್ರಾಜೆಕ್ಟ್’ ಅಂದರೆ ಯಾತಕ್ಕೆ?

ಕೆಲಸಕ್ಕೆ ಅರ್ಜಿ ಹಾಕಿದ್ದ ಕಂಪನಿಗೆ ಪ್ರಾಜೆಕ್ಟ್ ಕಳುಹಿಸಬೇಕಿದ್ದ ಸಂಜೆ. ಚಿತ್ರದುರ್ಗದ ರೂಮಿನಲ್ಲಿ ಕುಳಿತು, ಎಮ್ಯಾಕ್ಸ್‌ನ ಪ್ರಾಜೆಕ್ಟ್ ಪಟ್ಟಿಯಿಂದ ಹಳೆಯದೊಂದನ್ನು ಕೈಬಿಡಲು ಹೊರಟಿದ್ದೆ. ಅಷ್ಟರಲ್ಲಿ ಹಿರಿಯೂರಿನಿಂದ ಅಮ್ಮನ ಫೋನ್, ‘ಉಂಡೇನಪ್ಪಾ?’ ಮಾತು ಮುಗಿಸಿ ತಿರುಗಿದರೆ ಪರದೆಯ ಕೆಳಗೆ ‘ಸೆಲೆಕ್ಟ್ ಪ್ರಾಜೆಕ್ಟ್’ ಎಂದಿತ್ತು. ತೆರೆಯಲು ಕೇಳುತ್ತಿದೆ ಅಂದುಕೊಂಡು ಹೊಸದನ್ನೇ ಆರಿಸಿ ಎಂಟರ್ ಒತ್ತಿದೆ. ಪಟ್ಟಿಯಿಂದ ಅದೇ ಮಾಯ!

ಕೈಕಾಲು ತಣ್ಣಗಾದವು. ಹೊಳಲ್ಕೆರೆಯ ಗೆಳೆಯ ಫೋನಿನಲ್ಲೇ ನಕ್ಕ. ‘ಫೋಲ್ಡರ್ ಎಲ್ಲೂ ಹೋಗಿಲ್ಲ ಕಣೋ, ಪಟ್ಟಿಯಲ್ಲಿ ಹೆಸರು ಹೋಗಿದೆ ಅಷ್ಟೇ.’ ನಿಜ. ಫೋಲ್ಡರಿನಲ್ಲಿ ಗಿಟ್ ಇತ್ತು. ಒಳಗಿನ ಫೈಲೊಂದನ್ನು ತೆರೆದು ಕಂಟ್ರೋಲ್-ಎಕ್ಸ್, ಪಿ, ಎಫ್ ಒತ್ತಿದ್ದೇ ಹೆಸರು ಮರಳಿತು.

ಅವಸರ ನನ್ನದೇ. ಆದರೆ ಎರಡು ಕೆಲಸಕ್ಕೂ ಒಂದೇ ಪ್ರಶ್ನೆಯಾದರೆ ಮತ್ತೆ ಎಡವುತ್ತೇನೆ. ಎಮ್ಯಾಕ್ಸ್‌ನಲ್ಲಿ ‘ಪ್ರಾಜೆಕ್ಟ್-ಪ್ರಾಂಪ್ಟರ್’ ಎಂಬ ಸೆಟ್ಟಿಂಗ್ ಇದೆ. ಪ್ರಶ್ನೆ ಕೇಳುವ ಫಂಕ್ಷನ್ನನ್ನು ನಾವೇ ಬರೆದು ಅಲ್ಲಿಡಬಹುದು. ನನ್ನದು, ಈಗ ನಡೆಯುತ್ತಿರುವ ಕಮಾಂಡ್ ಯಾವುದೆಂದು ನೋಡಿ ಪ್ರಶ್ನೆ ಬದಲಿಸುತ್ತದೆ. ಏಳೆಂಟು ಸಾಲಿನ ಕೋಡ್.

ಕಷ್ಟವಾದದ್ದು ಕನ್ನಡ! ‘ಯಾವುದನ್ನು ತೆಗೆಯಲಿ’ ಎಂದು ಬರೆದೆ. ನಮ್ಮಲ್ಲಿ ‘ಬಾಗಿಲು ತೆಗಿ’ ಅಂದರೆ ತೆರೆ ಎಂದೇ ಅರ್ಥ. ‘ಅಳಿಸಲಿ’ ಎಂದರೆ ಫೈಲೇ ಹೋದೀತೆಂಬ ಭಯ. ಕೊನೆಗೆ, ‘ಯಾವ ಪ್ರಾಜೆಕ್ಟ್‌ಗೆ ಹೋಗೋಣ?’ ಮತ್ತು ‘ಪಟ್ಟಿಯಿಂದ ಯಾವ ಹೆಸರು ಬಿಡೋಣ?’ ಎಂದಿಟ್ಟೆ.

ಕಂಟ್ರೋಲ್-ಎಚ್, ಎಚ್ ಒತ್ತಿದರೆ ಬರುವ ಪುಟದಲ್ಲಿ ಕನ್ನಡದ ‘ನಮಸ್ಕಾರ’ ಮೊದಲೇ ಇದೆ. ಈಗ ನನ್ನ ಎರಡು ಸಾಲೂ ಜೊತೆಗಿವೆ.

ಪ್ರಾಜೆಕ್ಟ್ ಅಂದು ರಾತ್ರಿಯೇ ಕಳುಹಿಸಿದೆ. ಕಂಪನಿಯಿಂದ ಕರೆ ಇನ್ನೂ ಬಂದಿಲ್ಲ.