ನಾಳೆಯ ಆಟಗಾರರಿಗೆ ಇಂದೇ ರ‍್ಯಾಂಕ್: ಬೇಸ್‌ಬಾಲ್‌ನ ನೂರರ ಪಟ್ಟಿ

ಪ್ರತಿ ವರ್ಷ ಜನವರಿ ಹೊತ್ತಿಗೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಒಂದು ಪಟ್ಟಿಗಾಗಿ ಕಾಯುತ್ತಾರೆ. ಅದರಲ್ಲಿ ನೂರು ಹೆಸರುಗಳಿರುತ್ತವೆ. ಅವರೆಲ್ಲ ಈಗಾಗಲೇ ದೊಡ್ಡ ಹೆಸರು ಮಾಡಿದವರಲ್ಲ, ಮುಂದೆ ಮಾಡಬಹುದು ಎಂದು ಪರಿಣತರು ನಂಬಿರುವವರು. ಇಂಥ ಭರವಸೆಯ ಆಟಗಾರನನ್ನು ಅಲ್ಲಿ 'ಪ್ರಾಸ್ಪೆಕ್ಟ್' ಎನ್ನುತ್ತಾರೆ. ಪಟ್ಟಿಯಲ್ಲಿರುವ ಹೆಚ್ಚಿನವರ ವಯಸ್ಸು ಹದಿನೆಂಟರಿಂದ ಇಪ್ಪತ್ಮೂರರ ಒಳಗೆ. ಅಂದರೆ ನಮಗಿಂತ ಸ್ವಲ್ಪ ದೊಡ್ಡವರು, ಕೆಲವರಂತೂ ನಮ್ಮದೇ ವಯಸ್ಸಿನವರು.

ನನಗೆ ಬೇಸ್‌ಬಾಲ್ ಆಡಲು ಬರುವುದಿಲ್ಲ. ನಮ್ಮೂರಿನ ಮೈದಾನದಲ್ಲಿ ಯಾರಾದರೂ ಅದನ್ನು ಆಡಿದ್ದನ್ನು ನೋಡಿಯೂ ಇಲ್ಲ. ಆದರೆ ಸಂಖ್ಯಾಶಾಸ್ತ್ರ ನನ್ನ ಇಷ್ಟದ ವಿಷಯ. ಇನ್ನೂ ನಡೆಯದ ಸಂಗತಿಗೆ ಅಂಕ ಕೊಟ್ಟು ಒಂದರಿಂದ ನೂರರವರೆಗೆ ಸಾಲಾಗಿ ನಿಲ್ಲಿಸುವುದು ಹೇಗೆ ಎಂಬ ಕುತೂಹಲದಿಂದ ಈ ವಿಷಯ ಓದತೊಡಗಿದೆ. ನಾವೆಲ್ಲ ರ‍್ಯಾಂಕ್‌ಗಳ ನಡುವೆಯೇ ಬದುಕುವವರಾದ್ದರಿಂದ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮೈನರ್ ಲೀಗ್ ಎಂದರೇನು?

ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯ ಹೆಸರು ಮೇಜರ್ ಲೀಗ್. ಅದರಲ್ಲಿ 30 ತಂಡಗಳಿವೆ. ಪ್ರತಿ ತಂಡದ ಕೆಳಗೆ ನಾಲ್ಕು ಮೆಟ್ಟಿಲುಗಳಂತೆ ನಾಲ್ಕು ಮೈನರ್ ಲೀಗ್ ತಂಡಗಳಿರುತ್ತವೆ. ಕೆಳಗಿನಿಂದ ಹೇಳುವುದಾದರೆ ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. 2021ರ ಪುನರ್‌ರಚನೆಯ ನಂತರ ಇಂಥ ತಂಡಗಳು ಒಟ್ಟು 120. ಇವುಗಳಿಗೂ ಕೆಳಗೆ ಫ್ಲಾರಿಡಾ, ಅರಿಜೋನಾ ಮತ್ತು ಡೊಮಿನಿಕನ್ ರಿಪಬ್ಲಿಕ್‌ಗಳಲ್ಲಿ ಹೊಸಬರ ಲೀಗ್‌ಗಳಿವೆ.

ನಮ್ಮ ರಣಜಿ ಕ್ರಿಕೆಟ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ರಣಜಿ ತಂಡ ರಾಜ್ಯದ ತಂಡ, ಅದಕ್ಕೆ ತನ್ನದೇ ಟ್ರೋಫಿ, ತನ್ನದೇ ಗೌರವ. ಮೈನರ್ ಲೀಗ್‌ನಲ್ಲೂ ಪಂದ್ಯ, ಪ್ರೇಕ್ಷಕರು, ಟ್ರೋಫಿ ಎಲ್ಲವೂ ಇವೆ. ಆದರೆ ಆಟಗಾರರನ್ನು ನೇಮಿಸುವುದು, ಸಂಬಳ ಕೊಡುವುದು, ಮೇಲಕ್ಕೆ ಕಳಿಸುವುದು ಎಲ್ಲವೂ ಮೇಲಿನ ದೊಡ್ಡ ತಂಡವೇ. ಅದು ಆಟಗಾರರನ್ನು ಬೆಳೆಸುವ ಸಸಿಮಡಿ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ ಈ ಪದ್ಧತಿಯನ್ನು ಬೆಳೆಸಿದರು. ಇಂದಿಗೂ ಅದನ್ನು 'ಫಾರ್ಮ್ ಸಿಸ್ಟಮ್' ಎಂದೇ ಕರೆಯುತ್ತಾರೆ.

ಈಗಿನ ನಿಯಮದಂತೆ ಒಂದು ತಂಡ ಅಮೆರಿಕದೊಳಗೆ 165 ಮೈನರ್ ಲೀಗ್ ಆಟಗಾರರನ್ನು ಇಟ್ಟುಕೊಳ್ಳಬಹುದು. 30 ತಂಡಗಳಿಗೆ ಲೆಕ್ಕ ಹಾಕಿದರೆ 4,950. ಅವರಲ್ಲಿ ನೂರು ಜನ ಎಂದರೆ ಶೇಕಡಾ 2 ಮಾತ್ರ. ಪಟ್ಟಿಯ ನೂರನೆಯ ಹೆಸರೂ ಸಣ್ಣದಲ್ಲ ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳೋಣ.

ಅಂಕ ಕೊಡುವ ಅಳತೆ: 20ರಿಂದ 80

ಪ್ರತಿ ತಂಡಕ್ಕೂ 'ಸ್ಕೌಟ್'ಗಳು ಇರುತ್ತಾರೆ. ಊರೂರು ಸುತ್ತಿ ಆಟಗಾರರನ್ನು ನೋಡಿ ವರದಿ ಬರೆಯುವುದೇ ಅವರ ಕೆಲಸ. ಅವರು ಅಂಕ ಕೊಡುವುದು ಸೊನ್ನೆಯಿಂದ ನೂರರವರೆಗೆ ಅಲ್ಲ, 20ರಿಂದ 80ರವರೆಗೆ. ಇದೆಂಥ ವಿಚಿತ್ರ ಅಳತೆ ಎಂದು ನನಗೂ ಅನಿಸಿತ್ತು. ಆದರೆ ಸಂಖ್ಯಾಶಾಸ್ತ್ರ ಓದುವವರಿಗೆ ಇದು ಹಳೆಯ ಪರಿಚಯವೇ.

50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಪ್ರತಿ 10 ಅಂಕ ಎಂದರೆ ಒಂದು ಮಾನಕ ವಿಚಲನೆ, ನಾವು ಸ್ಟ್ಯಾಂಡರ್ಡ್ ಡೀವಿಯೇಶನ್ ಎನ್ನುವುದು ಇದನ್ನೇ. ಸರಾಸರಿಯ ಮೇಲೆ ಮೂರು, ಕೆಳಗೆ ಮೂರು. ಹಾಗಾಗಿ 20ರಿಂದ 80. ಗಂಟೆಯಾಕಾರದ ವಕ್ರರೇಖೆಯನ್ನು ನೆನಪಿಸಿಕೊಳ್ಳಿ. ಪುಸ್ತಕದ ಲೆಕ್ಕದಂತೆ 40 ಮತ್ತು 60ರ ನಡುವೆ ಶೇಕಡಾ 68ರಷ್ಟು ಜನ, 30 ಮತ್ತು 70ರ ನಡುವೆ ಶೇಕಡಾ 95ರಷ್ಟು ಜನ ಬರುತ್ತಾರೆ. 80 ಮುಟ್ಟುವವರು ಸಾವಿರದಲ್ಲಿ ಒಬ್ಬರೋ ಇಬ್ಬರೋ. ನಮ್ಮಲ್ಲಿ 50 ಅಂಕ ತಂದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಅಲ್ಲಿ 50 ಎಂದರೆ ಜಗತ್ತಿನ ಅತ್ಯುತ್ತಮ ಲೀಗ್‌ನಲ್ಲಿ ಸರಿಸಮನಾಗಿ ನಿಲ್ಲಬಲ್ಲವ ಎಂದರ್ಥ!

ಬ್ಯಾಟ್ ಮಾಡುವವರಲ್ಲಿ ಐದು ವಿಷಯಗಳನ್ನು ನೋಡುತ್ತಾರೆ: ಚೆಂಡಿಗೆ ಬ್ಯಾಟ್ ತಾಗಿಸುವ ಕೌಶಲ, ದೂರಕ್ಕೆ ಹೊಡೆಯುವ ಬಲ, ಓಟ, ಫೀಲ್ಡಿಂಗ್, ಎಸೆತದ ಶಕ್ತಿ. ಓಟವನ್ನು ಸ್ಟಾಪ್‌ವಾಚ್ ಹಿಡಿದೇ ಅಳೆಯುತ್ತಾರೆ. ಚೆಂಡು ಹೊಡೆದ ಜಾಗದಿಂದ ಮೊದಲ ಬೇಸ್‌ಗೆ 90 ಅಡಿ. ಬಲಗೈ ಬ್ಯಾಟರ್ ಅದನ್ನು ಸುಮಾರು 4.3 ಸೆಕೆಂಡುಗಳಲ್ಲಿ ಮುಟ್ಟಿದರೆ ಅದು ಸರಾಸರಿ ಓಟ. ಚೆಂಡು ಎಸೆಯುವ ಪಿಚರ್‌ಗಳಿಗಾದರೆ ಪ್ರತಿ ಬಗೆಯ ಎಸೆತಕ್ಕೂ ಬೇರೆ ಬೇರೆ ಅಂಕ, ನಿಯಂತ್ರಣಕ್ಕೆ ಮತ್ತೊಂದು.

ಪ್ರತಿ ವಿಷಯಕ್ಕೂ ಎರಡು ಅಂಕ ಬರೆಯುತ್ತಾರೆ. ಒಂದು ಇಂದಿನದು, ಇನ್ನೊಂದು ಆತ ಪೂರ್ತಿ ಬೆಳೆದಾಗ ತಲುಪಬಹುದಾದದ್ದು. ಹದಿನೆಂಟರ ಹುಡುಗನ ಬಲಕ್ಕೆ ಇಂದು 35, ಮುಂದೆ 60 ಎಂದು ಬರೆದಿರಬಹುದು. ಆ ಎರಡರ ನಡುವಿನ 25 ಅಂಕವೇ ಭರವಸೆ. ರ‍್ಯಾಂಕಿಂಗ್‌ನ ಕಷ್ಟವೂ ಅಲ್ಲೇ ಇದೆ.

ಅಂಕಿಅಂಶ ನೋಡಿದರೆ ಸಾಲದೇ?

ಯಾರು ಹೆಚ್ಚು ಹೊಡೆದಿದ್ದಾರೆ ಎಂದು ನೋಡಿ ಪಟ್ಟಿ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಸಾಲದು. ಅದಕ್ಕೆ ಕಾರಣಗಳಿವೆ.

ಮೊದಲನೆಯದು ವಯಸ್ಸು. ಟ್ರಿಪಲ್ ಎ ಮಟ್ಟದಲ್ಲಿ ಇಪ್ಪತ್ತೈದು ದಾಟಿದವರೇ ಹೆಚ್ಚು. ಅಲ್ಲಿ ಇಪ್ಪತ್ತೇಳರವ ಚೆನ್ನಾಗಿ ಆಡಿದರೆ ಸಂತೋಷ. ಇಪ್ಪತ್ತರವ ಅದರ ಅರ್ಧ ಆಡಿದರೂ ಎಲ್ಲರ ಕಿವಿ ನೆಟ್ಟಗಾಗುತ್ತದೆ. ವಾನ್ ಸೋಟೊ 2018ರ ಋತುವನ್ನು ಸಿಂಗಲ್ ಎಯಲ್ಲಿ ಶುರು ಮಾಡಿ, ಅದೇ ಮೇ ತಿಂಗಳಲ್ಲಿ 19ನೇ ವಯಸ್ಸಿಗೆ ಮೇಜರ್ ಲೀಗ್ ಮುಟ್ಟಿದ.

ಎರಡನೆಯದು ಮೈದಾನ. ಆಲ್ಬುಕರ್ಕಿಯಂತಹ ಎತ್ತರದ ಊರಿನಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಅಲ್ಲಿ ಬಾರಿಸಿದ ಹೋಂ ರನ್‌ಗಳನ್ನು ಹಾಗೇ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಮೂರನೆಯದು ಆಡುವ ಸ್ಥಾನ. ಶಾರ್ಟ್‌ಸ್ಟಾಪ್, ಕ್ಯಾಚರ್, ಸೆಂಟರ್ ಫೀಲ್ಡ್‌ನಂತಹ ಕಷ್ಟದ ಸ್ಥಾನಗಳಲ್ಲಿ ನಿಲ್ಲಬಲ್ಲವರು ಕಡಿಮೆ. ನಮ್ಮ ಕ್ರಿಕೆಟ್‌ನಲ್ಲಿ ಚೆನ್ನಾಗಿ ಬ್ಯಾಟ್ ಮಾಡುವ ವಿಕೆಟ್ ಕೀಪರ್‌ಗೆ ಇರುವ ಬೆಲೆಯೇ ಅಲ್ಲೂ ಇದೆ.

ನಾಲ್ಕನೆಯದು ಅಪಾಯ. ಪಿಚರ್‌ಗಳ ಮೊಣಕೈ, ಭುಜ ಯಾವಾಗ ಕೈಕೊಡುತ್ತವೆಯೋ ಹೇಳಲಾಗದು. ಅದಕ್ಕೇ ಪಟ್ಟಿ ಮಾಡುವವರು ಸಮಾನ ಪ್ರತಿಭೆಯ ಇಬ್ಬರಿದ್ದರೆ ಸಾಮಾನ್ಯವಾಗಿ ಬ್ಯಾಟರ್‌ನನ್ನು ಮೇಲಿಡುತ್ತಾರೆ.

ನನ್ನ ಚಿಕ್ಕಪ್ಪನ ಮಗ ಒಮ್ಮೆ ಕ್ರಿಕೆಟ್ ಆಯ್ಕೆಗೆ ಹೋಗಿದ್ದ. ಒಂದೆರಡು ಓವರ್ ಆಡಿಸಿ ಮನೆಗೆ ಕಳಿಸಿದರು. ಒಬ್ಬ ಆಟಗಾರನನ್ನು ಬೇರೆ ಬೇರೆ ಸ್ಕೌಟ್‌ಗಳು ಬೇರೆ ಬೇರೆ ತಿಂಗಳಲ್ಲಿ ನೋಡಿ ಬರೆಯುವ ಈ ಪದ್ಧತಿಯನ್ನು ಓದಿದಾಗ ನನಗೆ ಅವನೇ ನೆನಪಾದ. ಇಷ್ಟೆಲ್ಲ ನೋಡಿಯೂ ಇವರು ಎಷ್ಟು ಸರಿ ಹೇಳುತ್ತಾರೆ?

ಪಟ್ಟಿ ಹೇಳಿದ್ದು, ಆಮೇಲೆ ಆದದ್ದು

'ಬೇಸ್‌ಬಾಲ್ ಅಮೆರಿಕಾ' ಎಂಬ ಪತ್ರಿಕೆ 1990ರಿಂದ ನೂರರ ಪಟ್ಟಿ ಪ್ರಕಟಿಸುತ್ತಿದೆ. ಹಳೆಯ ಪಟ್ಟಿಗಳನ್ನು ಇಂದು ತೆರೆದರೆ ಗೆದ್ದ ಊಹೆ, ಸೋತ ಊಹೆ ಎರಡೂ ಕಾಣುತ್ತವೆ.

ಗೆದ್ದವು ಸಾಕಷ್ಟಿವೆ. 1993ರ ಮೊದಲ ಹೆಸರು ಚಿಪ್ಪರ್ ಜೋನ್ಸ್, 1995ರದು ಅಲೆಕ್ಸ್ ರಾಡ್ರಿಗಸ್, 2004 ಮತ್ತು 2005ರದು ಜೋ ಮಾವರ್. ಮೂವರೂ ದೊಡ್ಡ ಆಟಗಾರರಾದರು. 2011ರಲ್ಲಿ ಬ್ರೈಸ್ ಹಾರ್ಪರ್ ಮೊದಲನೆಯವ, ಮೈಕ್ ಟ್ರೌಟ್ ಎರಡನೆಯವ. ಇಬ್ಬರೂ ಮುಂದೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಸಲ ಗೆದ್ದರು.

ಇನ್ನು ಬೇರೆ ಕಥೆಗಳು. ಬ್ರಿಯನ್ ಟೇಲರ್ ಎಂಬ ಎಡಗೈ ಪಿಚರ್‌ನನ್ನು 1991ರಲ್ಲಿ ನ್ಯೂಯಾರ್ಕ್ ಯಾಂಕೀಸ್ ದೇಶದಲ್ಲೇ ಮೊದಲನೆಯವನಾಗಿ ಆರಿಸಿ 15.5 ಲಕ್ಷ ಡಾಲರ್ ಕೊಟ್ಟಿತು. 1992ರ ಪಟ್ಟಿಯಲ್ಲೂ ಆತನೇ ಮೊದಲು. 1993ರ ಡಿಸೆಂಬರ್‌ನಲ್ಲಿ ತಮ್ಮ ಮನೆಯವರ ಪರವಾಗಿ ಒಂದು ಜಗಳಕ್ಕೆ ಹೋಗಿ ಭುಜಕ್ಕೆ ಪೆಟ್ಟಾಯಿತು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ.

2000ದ ಮೊದಲ ಹೆಸರು ರಿಕ್ ಆಂಕಿಲ್. ಅದೇ ವರ್ಷದ ಪ್ಲೇಆಫ್ ಪಂದ್ಯದಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ಚೆಂಡುಗಳನ್ನು ಕ್ಯಾಚರ್‌ಗೂ ಸಿಗದಂತೆ ಎಸೆದ. ಆಮೇಲೆ ಆ ನಿಯಂತ್ರಣ ಮೊದಲಿನಂತೆ ಮರಳಲೇ ಇಲ್ಲ. ಆದರೆ ಆತ ಆಟ ಬಿಡಲಿಲ್ಲ. ಮತ್ತೆ ಮೈನರ್ ಲೀಗ್‌ಗೆ ಇಳಿದು ಬ್ಯಾಟಿಂಗ್ ಕಲಿತು, 2007ರಲ್ಲಿ ಔಟ್‌ಫೀಲ್ಡರ್ ಆಗಿ ಮೇಲೆ ಬಂದ. 2001ರ ಮೊದಲ ಹೆಸರು ಜಾಶ್ ಹ್ಯಾಮಿಲ್ಟನ್ ಮಾದಕ ವ್ಯಸನಕ್ಕೆ ಬಿದ್ದು ವರ್ಷಗಟ್ಟಲೆ ಆಟದಿಂದ ಹೊರಗಿದ್ದ. ಅದರಿಂದ ಹೊರಬಂದು 2010ರಲ್ಲಿ ಅತ್ಯಮೂಲ್ಯ ಆಟಗಾರನಾದ.

ಆರಂಭದಲ್ಲಿ ಯಾರೂ ಹೆಚ್ಚು ಬೆಲೆ ಕೊಡದವರೂ ಇದ್ದಾರೆ. ಮೈಕ್ ಪಿಯಾಝಾನನ್ನು 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ ಆರಿಸಿದರು. ಅದೂ ತಂಡದ ಮ್ಯಾನೇಜರ್‌ಗೆ ಆತನ ತಂದೆ ಸ್ನೇಹಿತರಾಗಿದ್ದರು ಎಂಬ ಕಾರಣಕ್ಕೆ. 2016ರಲ್ಲಿ ಆತ ಹಾಲ್ ಆಫ್ ಫೇಮ್ ಸೇರಿದ. ಆಲ್ಬರ್ಟ್ ಪೂಹೋಲ್ಸ್ 1999ರಲ್ಲಿ 402ನೇ ಆಯ್ಕೆ. ನಿವೃತ್ತನಾದಾಗ ಆತನ ಹೋಂ ರನ್‌ಗಳು 703. ವೆನೆಜುವೆಲಾದ ಹೊಸೆ ಆಲ್ಟುವೆಯ ಎತ್ತರ ಐದಡಿ ಆರಿಂಚು. ಆಯ್ಕೆ ಶಿಬಿರದಿಂದ ಒಮ್ಮೆ ವಾಪಸ್ ಕಳಿಸಿದರೂ ಮರುದಿನ ಮತ್ತೆ ಬಂದು ನಿಂತ. 2007ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಕೇವಲ 15,000 ಡಾಲರ್‌ಗೆ ಸೇರಿಸಿಕೊಂಡಿತು. 2017ರಲ್ಲಿ ಆತ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ. ಎತ್ತರವನ್ನು ಟೇಪ್ ಹಿಡಿದು ಅಳೆಯಬಹುದು, ಮರುದಿನ ಬಂದು ನಿಲ್ಲುವ ಗುಣಕ್ಕೆ ಟೇಪ್ ಇಲ್ಲ.

ಭಾರತದ ನಂಟು

2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ವೇಗವಾಗಿ ಚೆಂಡೆಸೆಯುವ ಟಿವಿ ಸ್ಪರ್ಧೆಯೊಂದರ ಮೂಲಕ ಬೆಳಕಿಗೆ ಬಂದರು. ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಸೇರಿಸಿಕೊಂಡಿತು. ಮೇಜರ್ ಲೀಗ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡ ಮೊದಲ ಭಾರತೀಯರು ಇವರೇ. ರಿಂಕು ಸಿಂಗಲ್ ಎವರೆಗೆ ಏರಿದ, ಅದಕ್ಕಿಂತ ಮೇಲೆ ಹೋಗಲಾಗಲಿಲ್ಲ. ಇತ್ತೀಚಿನ ಹೆಸರು ಕುಮಾರ್ ರಾಕರ್. ತಾಯಿ ಭಾರತೀಯ ಮೂಲದವರು. 2021ರಲ್ಲಿ ಆರಿಸಿದ ತಂಡ ವೈದ್ಯಕೀಯ ತಪಾಸಣೆಯ ನಂತರ ಒಪ್ಪಂದ ಮಾಡಿಕೊಳ್ಳಲಿಲ್ಲ. ಮರುವರ್ಷ ಟೆಕ್ಸಸ್ ರೇಂಜರ್ಸ್ ಆತನನ್ನು ಮೂರನೆಯವನಾಗಿ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟ.

ಪಟ್ಟಿಯಿಂದ ಯಾರಿಗೆ ಏನು?

ಇದು ಬರೀ ಅಭಿಮಾನಿಗಳ ಹರಟೆಯ ವಿಷಯವಲ್ಲ. 2022ರ ಒಪ್ಪಂದದಲ್ಲಿ ಒಂದು ನಿಯಮ ಸೇರಿದೆ. ಬೇಸ್‌ಬಾಲ್ ಅಮೆರಿಕಾ, ಇಎಸ್‌ಪಿಎನ್, ಎಂಎಲ್‌ಬಿ ಪೈಪ್‌ಲೈನ್ ಈ ಮೂರರಲ್ಲಿ ಕನಿಷ್ಠ ಎರಡರ ನೂರರ ಪಟ್ಟಿಯಲ್ಲಿರುವ ಹೊಸ ಆಟಗಾರನನ್ನು ತಂಡ ಪೂರ್ಣ ಋತು ಮೇಲೆ ಇಟ್ಟುಕೊಂಡು, ಆತ ವರ್ಷದ ಅತ್ಯುತ್ತಮ ಹೊಸ ಆಟಗಾರನಾದರೆ ತಂಡಕ್ಕೆ ಹೆಚ್ಚುವರಿಯಾಗಿ ಒಬ್ಬ ಹೊಸಬನನ್ನು ಆರಿಸುವ ಹಕ್ಕು ಸಿಗುತ್ತದೆ. ಹೂಲಿಯೋ ರಾಡ್ರಿಗಸ್‌ನಿಂದಾಗಿ ಸಿಯಾಟಲ್ ತಂಡಕ್ಕೆ ಈ ಲಾಭ ಮೊದಲು ಸಿಕ್ಕಿತು. ಹಾಗಾಗಿ ಪತ್ರಕರ್ತರು ಮಾಡಿದ ಪಟ್ಟಿಯಲ್ಲಿ 98 ಆಗಿರುವುದಕ್ಕೂ 103 ಆಗಿರುವುದಕ್ಕೂ ಈಗ ನಿಜವಾದ ವ್ಯತ್ಯಾಸವಿದೆ.

ಆದರೆ ಆಟದಲ್ಲಿ ಅವರಿಬ್ಬರ ನಡುವೆ ಅಷ್ಟು ವ್ಯತ್ಯಾಸವಿದೆಯೇ? ಇಲ್ಲ. ಮೊದಲ ಹತ್ತರ ನಡುವೆ ಅಂತರ ಕಾಣುತ್ತದೆ. 60ರ ಆಚೆ ಹೆಚ್ಚಿನವರಿಗೆ ಸ್ಕೌಟ್‌ಗಳು ಕೊಡುವ ಒಟ್ಟು ಅಂಕ ಒಂದೇ, 50ರ ಆಸುಪಾಸು. ಅಂಕ ಸಮನಾಗಿದ್ದರೂ ಪಟ್ಟಿಯಲ್ಲಿ ಒಬ್ಬರ ಕೆಳಗೆ ಒಬ್ಬರನ್ನು ಬರೆಯಲೇಬೇಕು. ಕ್ರಮಸಂಖ್ಯೆ ಯಾರು ಮುಂದೆ ಎಂದಷ್ಟೇ ಹೇಳುತ್ತದೆ, ಎಷ್ಟು ಮುಂದೆ ಎಂದು ಹೇಳುವುದಿಲ್ಲ. ಸಿಇಟಿ ಫಲಿತಾಂಶದ ದಿನ ನಾವು ಮರೆಯುವುದೂ ಇದನ್ನೇ. ಒಂದೇ ಅಂಕದ ಅಂತರದಲ್ಲಿ ಎಷ್ಟೋ ರ‍್ಯಾಂಕ್‌ಗಳು ದಾಟಿಹೋಗುತ್ತವೆ.

ಇನ್ನೊಂದು ಮಾತು. ಪಟ್ಟಿಯ ಹೊರಗಿನ ಸಾವಿರಾರು ಹುಡುಗರ ಬದುಕು ಸುಲಭದ್ದಲ್ಲ. 2023ರಲ್ಲಿ ಮೈನರ್ ಲೀಗ್ ಆಟಗಾರರ ಮೊದಲ ಸಂಘಟಿತ ಒಪ್ಪಂದ ಆದ ಮೇಲೂ ಟ್ರಿಪಲ್ ಎಯ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್. ಅದಕ್ಕೂ ಮೊದಲು ಅದು 17,500 ಮಾತ್ರ ಇತ್ತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ 7,20,000 ಡಾಲರ್. ಒಂದು ಮೆಟ್ಟಿಲಿನ ಅಂತರ ಇಪ್ಪತ್ತು ಪಟ್ಟು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾಗಳ ಹುಡುಗರು ಹದಿನಾರಕ್ಕೇ ಸಹಿ ಹಾಕುತ್ತಾರೆ. ಅವರಲ್ಲಿ ಹೆಚ್ಚಿನವರು ಆ ಕೊನೆಯ ಮೆಟ್ಟಿಲನ್ನು ನೋಡುವುದೇ ಇಲ್ಲ.

ಮೊದಲ ಸ್ಥಾನದವನಿಗೂ ದಾರಿ ನೇರವಲ್ಲ. 2024ರ ಪಟ್ಟಿಯ ಮೊದಲ ಹೆಸರು ಜಾಕ್ಸನ್ ಹಾಲಿಡೇ. ಆ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ತಂಡ ಆತನನ್ನು ಮೇಲಕ್ಕೆ ತಂದಾಗ ವಯಸ್ಸು 20. ಮೊದಲ 10 ಪಂದ್ಯಗಳಲ್ಲಿ 34 ಅವಕಾಶಗಳಿಗೆ 2 ಹಿಟ್. ತಂಡ ಟ್ರಿಪಲ್ ಎಗೆ ವಾಪಸ್ ಕಳಿಸಿತು. ಜುಲೈ 31ರಂದು ಮತ್ತೆ ಕರೆಸಿದಾಗ, ಆ ದಿನವೇ ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ ಹೋಂ ರನ್ ಬಾರಿಸಿದ. ಅಂಕಪಟ್ಟಿಯಲ್ಲಿ ಆತನ ಮುಂದೆ ಬರೆದಿದ್ದ ಎರಡು ಅಂಕಗಳಲ್ಲಿ, ಇಂದಿನದು ಬೇರೆ, ನಾಳೆಯದು ಬೇರೆ ಎಂಬುದನ್ನು ತಂಡ ಮರೆತಿರಲಿಲ್ಲ.

ಮುಂದಿನ ಜನವರಿಯಲ್ಲಿ ಹೊಸ ಪಟ್ಟಿ ಬರುತ್ತದೆ. ನಾನಂತೂ ಮೊದಲ ಹೆಸರನ್ನು ನೋಡುವ ಮೊದಲು 60ರಿಂದ 100ರವರೆಗಿನ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಐದು ವರ್ಷಗಳ ನಂತರ ತೆಗೆದು ನೋಡಿದರೆ ಅವರಲ್ಲಿ ಯಾರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ. ಅಷ್ಟರಲ್ಲಿ ನಾವೆಲ್ಲ ಎಲ್ಲಿರುತ್ತೇವೆ ಎಂಬುದೂ ತಿಳಿದಿರುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ