ಕಡತದಲ್ಲಿ ಇಲ್ಲದ ವರದಿ

1989ರಲ್ಲಿ ನಾನು ಆಡಳಿತ ಶಾಖೆಯಲ್ಲಿದ್ದಾಗ ದ್ವಿತೀಯ ದರ್ಜೆ ಸಹಾಯಕರೊಬ್ಬರ ಅರ್ಜಿ ನನ್ನ ಮೇಜಿಗೆ ಬಂದಿತು. ಮದುವೆಯಾಗಿ ಏಳು ವರ್ಷವಾದರೂ ಸಂತಾನವಿಲ್ಲ, ಎರಡನೆಯ ವಿವಾಹಕ್ಕೆ ಅನುಮತಿ ಬೇಕೆಂಬುದು ಅವರ ಕೋರಿಕೆ. ಪತ್ನಿಯ ಮೂರು ವೈದ್ಯಕೀಯ ವರದಿಗಳು, ಆಕೆಯೇ ಸಹಿ ಮಾಡಿದ ಒಪ್ಪಿಗೆ ಪತ್ರ ಲಗತ್ತಾಗಿದ್ದವು. ಪತ್ನಿ ಬದುಕಿರುವಾಗ 1955ರ ಹಿಂದೂ ವಿವಾಹ ಕಾಯ್ದೆ ಇದಕ್ಕೆ ಅವಕಾಶ ಕೊಡುವುದಿಲ್ಲವೆಂದು ಷರಾ ಬರೆದು ಕಡತ ಮುಗಿಸಿದೆ. ಮೂರೂ ವರದಿಗಳಲ್ಲಿ ದೋಷವೇನೂ ದಾಖಲಾಗಿರಲಿಲ್ಲ. ಅರ್ಜಿದಾರರ ತಪಾಸಣೆಯ ವರದಿ ಒಂದೂ ಇರಲಿಲ್ಲ. ಅದೇಕಿಲ್ಲವೆಂದು ಕೇಳಲು ನನಗೂ ಹೊಳೆಯಲಿಲ್ಲ. ಕೆಲವು ತಿಂಗಳ ಬಳಿಕ ಆ ಹೆಣ್ಣುಮಗಳನ್ನು ತವರಿಗೆ ಕಳುಹಿಸಿದ ಸುದ್ದಿ ಕಚೇರಿಯಲ್ಲಿ ಹರಡಿತು.

ಈಚೆಗೆ ಬಂಧುಗಳ ಮನೆಯಲ್ಲಿ ಮಾತು ಕೇಳುತ್ತಿದ್ದಾಗ ಆ ಕಡತ ನೆನಪಾಯಿತು. ಸೊಸೆಗೆ ಗರ್ಭನಾಳದ ಎಕ್ಸ್‌ರೇ ಆಗಿದೆ, ಲ್ಯಾಪರೊಸ್ಕೋಪಿಯೂ ಆಗಿದೆ. ಎಂಜಿನಿಯರ್ ಮಗನ ವೀರ್ಯ ಪರೀಕ್ಷೆ ಮಾತ್ರ ಆಗಿಲ್ಲ. "ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನಲ್ಲ!" ಎಂದರು ಅವನ ತಾಯಿ.

ಗರ್ಭನಿರೋಧಕವಿಲ್ಲದೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯಶಾಸ್ತ್ರ ಬಂಜೆತನವೆನ್ನುತ್ತದೆ. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಲೇಸು. ಪ್ರತಿ ಆರು ಮಂದಿಯಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದನ್ನು ಎದುರಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಸ್ತ್ರೀಯರಲ್ಲಿ ಪಿಸಿಓಎಸ್, ಥೈರಾಯ್ಡ್ ಏರುಪೇರು, ಎಂಡೊಮೆಟ್ರಿಯೋಸಿಸ್, ಗರ್ಭನಾಳದ ಅಡಚಣೆ ಮುಖ್ಯ ಕಾರಣಗಳು. ನಮ್ಮ ದೇಶದಲ್ಲಿ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳವನ್ನು ಮುಚ್ಚಿಬಿಡುವ ಕ್ಷಯವನ್ನೂ ಮರೆಯುವಂತಿಲ್ಲ. ಆದರೆ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ, ಒಂಟಿಯಾಗಿಯೋ ಪತ್ನಿಯ ತೊಂದರೆಯೊಡನೆ ಸೇರಿಯೋ, ಪುರುಷನ ಕಡೆಯ ಕಾರಣವೂ ಇರುತ್ತದೆ. ವೃಷಣದ ಸುತ್ತಲಿನ ರಕ್ತನಾಳಗಳು ಊದಿಕೊಳ್ಳುವ ವೆರಿಕೊಸೀಲ್, ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು, ತಂಬಾಕು, ಕುಲುಮೆಯ ಮುಂದಿನ ದುಡಿಮೆ ಇವೆಲ್ಲ ವೀರ್ಯಾಣುಗಳನ್ನು ಕುಗ್ಗಿಸಬಲ್ಲವು. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಯುವಕರು ಚುಚ್ಚಿಸಿಕೊಳ್ಳುವ ಟೆಸ್ಟೊಸ್ಟಿರಾನ್ ಅವುಗಳ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ಗಟ್ಟಿಮುಟ್ಟುತನ ಯಾವುದಕ್ಕೂ ಸಾಕ್ಷಿಯಲ್ಲ. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ ಎಂಬುದೂ ನಿಜ.

ನಮ್ಮ ನುಡಿಯೂ ಇಲ್ಲಿ ಪಕ್ಷಪಾತಿಯೇ. ಬಂಜೆ ಎಂದರೆ ಹೆಣ್ಣು. ಗಂಡಿಗೆ ಅಂಥ ಪದವಿಲ್ಲ. ಇರುವ 'ಷಂಡ' ಎಂಬ ಬೈಗುಳ ಬೇರೆಯೇ ತೊಂದರೆಯನ್ನು ಸೂಚಿಸುತ್ತದೆ. ಎರಡನ್ನೂ ಒಂದೆಂದು ತಿಳಿದೇ ಗಂಡಸರು ಪ್ರಯೋಗಾಲಯದ ಬಾಗಿಲಿಗೆ ಹೋಗಲು ಅಂಜುತ್ತಾರೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಕೀಟನಾಶಕ ಕಾರ್ಖಾನೆಯೊಂದರ ಕಾರ್ಮಿಕರು, ತಮ್ಮಲ್ಲಿ ಹಲವರಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಪರಸ್ಪರ ಬಾಯಿಬಿಟ್ಟು ಹೇಳಿಕೊಂಡರು. ಪರೀಕ್ಷೆ ನಡೆದಾಗ ಅನೇಕರ ವೀರ್ಯಾಣುಗಳು ತೀರಾ ಕಡಿಮೆಯಾಗಿದ್ದವು, ಕೆಲವರಲ್ಲಿ ಇರಲೇ ಇಲ್ಲ. ಅವರು ತಯಾರಿಸುತ್ತಿದ್ದ ಡಿಬಿಸಿಪಿ ಎಂಬ ರಾಸಾಯನಿಕವೇ ಕಾರಣವಾಗಿತ್ತು. ಅವರೂ ಸುಮ್ಮನಿದ್ದಿದ್ದರೆ ಅದು ಹೊರಬೀಳುವುದು ಇನ್ನೆಷ್ಟು ತಡವಾಗುತ್ತಿತ್ತೋ!

ಅರ್ಥಶಾಸ್ತ್ರ ಓದಿದ ನನಗೆ ಹೆಚ್ಚು ವಿಚಿತ್ರವೆನಿಸುವುದು ತಪಾಸಣೆಯ ಕ್ರಮ. ನೋವಿಲ್ಲದ, ಅರಿವಳಿಕೆ ಬೇಡದ, ಅಗ್ಗದ ಪರೀಕ್ಷೆ ಕೊನೆಗೆ. ಹೊಟ್ಟೆಗೆ ರಂಧ್ರ ಕೊರೆಯುವ ದುಬಾರಿ ಪರೀಕ್ಷೆ ಮೊದಲಿಗೆ. ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಆದ್ದರಿಂದ ಹಿಂದಿನ ತಿಂಗಳ ಜ್ವರವೂ ಇಂದಿನ ವರದಿಯನ್ನು ಕೆಡಿಸಬಲ್ಲದು. ಒಮ್ಮೆ ಕೊರತೆ ಕಂಡರೆ ಮತ್ತೊಮ್ಮೆ ಮಾಡಿಸಬೇಕು. ಅಷ್ಟೇ ಅದರ ತೊಡಕು. ಆಯುಷ್ಮಾನ್ ಭಾರತ ಯೋಜನೆ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಅದರ ಹಣಕಾಸಿನ ಚರ್ಚೆ ಬೇರೆ. ಈ ಮೊದಲ ಪರೀಕ್ಷೆಗಾದರೆ ಬೇಕಿರುವುದು ಸೂಕ್ಷ್ಮದರ್ಶಕ, ತರಬೇತಿ ಪಡೆದ ತಂತ್ರಜ್ಞ ಹಾಗೂ ಮರೆಯಿರುವ ಒಂದು ಕೋಣೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇವನ್ನು ಒದಗಿಸಿ, ಪತ್ನಿಯ ಹೆಸರು ನೋಂದಾಯಿಸುವ ದಿನವೇ ಪತಿಗೂ ಚೀಟಿ ಬರೆಯಬೇಕೆಂಬ ಸುತ್ತೋಲೆ ಹೊರಡಿಸಬಹುದು. ಅಂಥ ಸುತ್ತೋಲೆಯ ಕರಡು ಒಂದು ಪುಟವನ್ನೂ ದಾಟುವುದಿಲ್ಲ.