ನಿಮಗಿದು ಗೊತ್ತೆ? ಪಟ್ಟದಕಲ್ಲಿನ ಹೊಳೆ ಮಲಪ್ರಭೆ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಪೂರ್ವಕ್ಕೆ ಹರಿದು ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು, ರೋಣ ಸೀಮೆಯ ಹೊಳೆಆಲೂರನ್ನು ಮುಟ್ಟುತ್ತದೆ. ಊರಿನ ಹೆಸರಲ್ಲೇ ಹೊಳೆ ಇದೆ. ಕಪ್ಪು ಎರೆಮಣ್ಣಿನ ಈ ಬಯಲು ಮುಗಿದೊಡನೆ ಕೆಂಪು ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಮುಂದೆ ಸಿಗುವುದೇ ಪಟ್ಟದಕಲ್ಲು.

ಇಲ್ಲಿ ನದಿ ಉತ್ತರಕ್ಕೆ ಹೊರಳುತ್ತದೆ. ಉತ್ತರವಾಹಿನಿ ಪವಿತ್ರವೆಂಬ ನಂಬಿಕೆ ಹಳೆಯದು. ಬಾದಾಮಿ ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದುದೂ ಈ ದಂಡೆಯಲ್ಲೇ. ಕಲ್ಲಿನ ಬಣ್ಣದಿಂದ ಊರಿಗೆ ಕಿಸುವೊಳಲ್, ಅಂದರೆ ಕೆಂಪು ಪಟ್ಟಣ ಎಂಬ ಹೆಸರಿತ್ತು. 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಹೇಳುವ ‘ಪೆಟಿರ್ಗಲ್’ ಇದೇ ಊರೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ವಿರೂಪಾಕ್ಷ ದೇಗುಲ ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಕೆಲಸಗಾರನ ಹೆಸರೂ ಶಾಸನದಲ್ಲಿ ಉಳಿದಿರುವುದು ದೊಡ್ಡ ಭಾಗ್ಯ. ದೇಗುಲದ ಮೂಡಣ ಬಾಗಿಲು ಹೊಳೆಯತ್ತಲೇ ತೆರೆಯುತ್ತದೆ. ಸುತ್ತೆಲ್ಲ ಕೆಂಪು ಕಲ್ಲು. ನಡುವೆ ಮಂಟಪದಲ್ಲಿ ಕೂತ ನಂದಿ ಮಾತ್ರ ಕರಿಕಲ್ಲಿನದು, ನುಣುಪು ಮೈಯದು. ಪಟ್ಟದಕಲ್ಲಿನ ಸ್ಮಾರಕಗಳು 1987ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು.

ಬೇಸಿಗೆಯಲ್ಲಿ ಸೊರಗುವ ಹೊಳೆ ಮಳೆ ಹೆಚ್ಚಾದರೆ ಉಕ್ಕುತ್ತದೆ. 2009 ಮತ್ತು 2019ರ ನೆರೆ ದಂಡೆಯ ಊರುಗಳನ್ನು ನಡುಗಿಸಿತು. ಐಹೊಳೆಯನ್ನು ಹಾದು, ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ.